ನೂಲು ಸುತ್ತಿದ ವಾಯರು

ನೇಕಾರರ ಮನೆಯಲ್ಲಿ ಹುಟ್ಟಿದ ಬೆಕ್ಕಿನ ಮರಿಗೆ ಕಣ್ಣು ಬಿಟ್ಟ ಮೇಲೆ ಮೊದಲು ಕಲಿಸುವುದು ನೂಲು ಮುಟ್ಟಬಾರದು ಎಂಬುದನ್ನು. ನಮ್ಮತ್ತೆ ಎಡಗೈಯಲ್ಲಿ ಮರಿಯ ಹೆಡಕು ಹಿಡಿದು ಅದರ ಮುಂದೆ ನೂಲಿನ ಎಳೆ ಆಡಿಸುವರು. ಅದು ಪಂಜ ಎತ್ತಿತೋ, ಬಲಗೈಯ ಕಂಡಿಕೆಯಿಂದ ಮೂಗಿನ ಮೇಲೆ ಟಪ್ಪನೆ ಏಟು. ಕಂಡಿಕೆ ಎಂದರೆ ನೂಲು ಸುತ್ತಿ ಲಾಳಿಯೊಳಗೆ ಕೂಡಿಸುವ ಬೆರಳುದ್ದದ ಕಡ್ಡಿ. ಮತ್ತೆ ಎಳೆ, ಮತ್ತೆ ಏಟು. ಎಳೆ ಕಂಡರೆ ಮರಿ ತಾನಾಗಿ ಹಿಂದೆ ಸರಿಯುವವರೆಗೂ ಇದು ನಡೆಯುತ್ತಿತ್ತು. ಮದುವೆಯಾಗಿ ಗಜೇಂದ್ರಗಡಕ್ಕೆ ಬಂದ ಹೊಸದರಲ್ಲಿ ಅದನ್ನು ನೋಡಲಾರದೆ ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ.

"ಇಲ್ಲಿ ಬಾರಬೇ," ಎಂದು ಅತ್ತೆ ಒಳಗಿನಿಂದ ಕೂಗುತ್ತಿದ್ದರು. "ಹೊಡದ್ರ ಅಳತೈತಿ, ಬಿಟ್ರ ಬೀದಿ ಪಾಲಾಗತೈತಿ. ಯಾವುದು ಚಲೋ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮಗ್ಗಕ್ಕೆ ಉದ್ದುದ್ದ ಕಟ್ಟುವ ಹಾಸಿನ ನೂಲಿಗೆ ಬಿಗುಪು ಬರಲೆಂದು ನಾವು ಗಂಜಿ ಹಚ್ಚುತ್ತೇವೆ. ಗಂಜಿಯ ವಾಸನೆಗೆ ಇಲಿ ಬರುತ್ತದೆ. ಇಲಿಗೆಂದು ಬೆಕ್ಕು ಸಾಕಬೇಕು. ಆದರೆ ಬೆಕ್ಕೇ ಹಾಸಿನ ಮೇಲೆ ಆಟಕ್ಕೆ ಇಳಿದರೆ ಇಲಿಗಿಂತ ಹೆಚ್ಚಿನ ಹಾಳು. ನೂಲು ಹರಿದ ಬೆಕ್ಕನ್ನು ಯಾವ ನೇಕಾರನೂ ಮನೆಯಲ್ಲಿ ಇಟ್ಟುಕೊಂಡವನಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಓಣಿಗೆ ಕರೆಂಟು ಬಂದು ವರ್ಷವಾಗಿರಲಿಲ್ಲ. ಮನೆಯಲ್ಲಿದ್ದವರು ಅತ್ತೆ, ನಮ್ಮ ಮನೆಯವರು, ನಾನು, ನನ್ನ ಮೈದುನ. ಮೈದುನನಿಗೆ ಮಗ್ಗದ ಕುಣಿಯಲ್ಲಿ ಕಾಲು ಬಿಟ್ಟು ಕೂರುವುದೆಂದರೆ ಬೇಸರ. ಅವನು ಎಲ್ಲಿಂದಲೋ ಹಳೆಯದೊಂದು ಮೈಕಿನ ಸೆಟ್ಟು ತಂದಿದ್ದ. ಒಳಗೆ ಕೆಂಪಗೆ ಉರಿಯುವ ಗಾಜಿನ ಬುರುಡೆಗಳಿದ್ದ ಕಬ್ಬಿಣದ ಪೆಟ್ಟಿಗೆ, ರಿಕಾರ್ಡು ತಿರುಗುವ ಇನ್ನೊಂದು ಪೆಟ್ಟಿಗೆ, ಹಾಡು ಹೊರಡುವ ತುತ್ತೂರಿ ಬಾಯಿಯ ಎರಡು ದೊಡ್ಡ ಕರ್ಣೆ, ಸುರುಳಿ ಸುರುಳಿ ಕಪ್ಪು ರಬ್ಬರಿನ ವಾಯರು. ರಾಜೂರು, ಬೆಳವಣಕಿ, ಚಿಕ್ಕನರಗುಂದದ ಕಡೆ ಮದುವೆಗಳಿದ್ದರೆ ಚಕ್ಕಡಿಯಲ್ಲಿ ಹೇರಿಕೊಂಡು ಹೋಗುವನು. ಕರೆಂಟಿಲ್ಲದ ಊರಿಗೆ ಬ್ಯಾಟರಿಯೂ ಜೊತೆಗೆ ಹೋಗುತ್ತಿತ್ತು. ಮದುವೆಯಿಲ್ಲದ ದಿನ ಮಗ್ಗದ ಎದುರಿನ ಮೂಲೆಯಲ್ಲಿ ಸೆಟ್ಟನ್ನು ಹಚ್ಚಿ ಸಂಜೆ ಸಂಜೆ ಪರೀಕ್ಷೆ ಮಾಡುವನು.

ಆ ಚಳಿಗಾಲದಲ್ಲಿ ನಮ್ಮ ಬೂದು ಬೆಕ್ಕು ಮೂರು ಮರಿ ಹಾಕಿತು. ಬೆಕ್ಕು ಏಳು ಮನೆ ಮರಿ ತಿರುಗಿಸುತ್ತದೆ ಎನ್ನುತ್ತಾರೆ. ನಮ್ಮದು ಎರಡನೆಯ ಜಾಗಕ್ಕೇ ನಿಂತುಬಿಟ್ಟಿತು. ಕಬ್ಬಿಣದ ಪೆಟ್ಟಿಗೆಯ ಹಿಂದೆ ಬೆಚ್ಚಗಿತ್ತು, ಅಲ್ಲಿಗೇ ಒಂದೊಂದಾಗಿ ಕಚ್ಚಿ ತಂದು ಮಲಗಿಸಿತು. ನಾನು ಎತ್ತಿ ಒಲೆಯ ಬದಿಗೆ ಇಟ್ಟರೆ ಅರ್ಧ ಗಳಿಗೆಯಲ್ಲಿ ಮತ್ತೆ ಅಲ್ಲೇ.

"ಇರ್ಲಿ ಬಿಡ್ರಿ ವೈನಿ," ಎಂದು ಮೈದುನ ನಕ್ಕಿದ್ದ. "ಹಾಡು ಕೇಳಾಕ ಬಂದಾವ. ಪುಗಸೆಟ್ಟೆ ಮಂದಿ."

ಮರಿಗಳು ಓಡಾಡುವಷ್ಟಾದವು. ಅತ್ತೆ ಕಂಡಿಕೆ ಹಿಡಿದು ನೂಲಿನ ಪಾಠ ಮುಗಿಸಿದರು. ಒಂದು ಸಂಜೆ ಮೈದುನ ಸೆಟ್ಟು ಹಚ್ಚಿದ್ದ. ನಾನು ರಾಟಿಯ ಮುಂದೆ ಕೂತಿದ್ದೆ. ಹಾಡು ನಡೆದಿರುವಾಗಲೇ ಕರ್ಣೆಯಿಂದ ಗೊರ್ರೆನ್ನುವ ಸದ್ದು ಬಂತು. ನೋಡಿದರೆ ಬಿಳಿ ಕೊರಳಿನ ಮರಿ ವಾಯರು ಕಚ್ಚಿಕೊಂಡು ಕಟ್ಟಿಗೆಯಂತೆ ಸೆಟೆದಿತ್ತು. ಬಾಯಿ ಬಿಡಲು ಅದಕ್ಕೆ ಆಗುತ್ತಿರಲಿಲ್ಲ. ಕೂದಲು ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಅತ್ತೆ ನನಗಿಂತ ಹತ್ತಿರದಲ್ಲಿದ್ದರು. "ಅಯ್ಯ ನನ್ನ ಕೂಸ" ಎನ್ನುತ್ತ ಕೈ ಚಾಚಿ ಬಾಗಿದರು. ಮೈದುನ ಹಾರಿ ಬಂದವನೇ ಎರಡೂ ಕೈಯಿಂದ ತಾಯಿಯ ಎದೆಗೆ ನೂಕಿದ. ಅವರು ಹಿಮ್ಮೊಗವಾಗಿ ತೂರಾಡಿ, ತಿರುಗಿ, ಮಗ್ಗದ ಗೂಟಕ್ಕೆ ಹಣೆ ಬಡಿದುಕೊಂಡು ಬಿದ್ದರು. ಹಣೆ ಸೀಳಿ ರಕ್ತ ಕಣ್ಣಿಗಿಳಿಯಿತು.

ಕುಣಿಯಲ್ಲಿ ಕೂತಿದ್ದ ನಮ್ಮ ಮನೆಯವರಿಗೆ ಕಂಡದ್ದು ಅಷ್ಟೇ, ತಮ್ಮನಾದವನು ತಾಯಿಯನ್ನು ನೂಕಿದ್ದು, ತಾಯಿ ಬಿದ್ದದ್ದು. ಒಂದೇ ನೆಗೆತಕ್ಕೆ ಮೇಲೆ ಬಂದರು. ಗೋಡೆಗೆ ಆನಿಸಿದ್ದ ಬಿದಿರಿನ ಗಳ ಕೈಗೆ ಸಿಕ್ಕಿತು.

"ಹಡದವ್ವನ ಮ್ಯಾಲೆ ಕೈ ಮಾಡ್ತಿ ಏನಲೇ."

ಬೆನ್ನಿಗೆ ಬಿತ್ತು, ಹೆಗಲಿಗೆ ಬಿತ್ತು, ಕಿವಿಯ ಮೇಲೆ ಬಿತ್ತು. ಮೈದುನ ತಿರುಗಿ ನಿಲ್ಲಲಿಲ್ಲ. ಏಟು ತಿನ್ನುತ್ತಲೇ ಮೊಣಕಾಲಿನ ಮೇಲೆ ತೆವಳಿಕೊಂಡು ಗೋಡೆಯ ತನಕ ಹೋಗಿ ಪ್ಲಗ್ಗು ಕಿತ್ತು ಎಸೆದ. ಆಮೇಲೆ ಗಳದ ತುದಿಯನ್ನು ಮುಷ್ಟಿಯಲ್ಲಿ ಹಿಡಿದ.

"ಇನ್ನ ಹೊಡಿ," ಎಂದ. ಕಿವಿಯಿಂದ ರಕ್ತ ಕೊರಳಿಗೆ ಹರಿಯುತ್ತಿತ್ತು. "ಅವ್ವ ಅದನ್ನ ಮುಟ್ಟಿದ್ಲಂದ್ರ ಈಗ ಅಕಿನೂ ಹಂಗ ಸೆಟದ ಬಿದ್ದಿರತಿದ್ಲು. ನೋಡು ಅದನ್ನ. ನೋಡಿ ಹೊಡಿ."

ನಮ್ಮ ಮನೆಯವರು ಸತ್ತ ಮರಿಯನ್ನು ನೋಡಿದರು, ತಾಯಿಯನ್ನು ನೋಡಿದರು. ತಮ್ಮನಿಗೆ ತಪ್ಪಾಯಿತು ಎನ್ನುವ ಮಾತು ಅವರ ಬಾಯಲ್ಲಿ ಹುಟ್ಟುವಂಥದ್ದಲ್ಲ. ಗಳವನ್ನು ನೆಲಕ್ಕೆ ಅಪ್ಪಳಿಸಿ ಅಪ್ಪಳಿಸಿ ಸೀಳು ಸೀಳು ಮಾಡಿ, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು.

ನಾನು ಅತ್ತೆಯ ಹಣೆಗೆ ಅರಿಶಿನ ಒತ್ತಿ ಬಟ್ಟೆ ಬಿಗಿಯುತ್ತಿದ್ದೆ. ಮೈದುನ ಮರಿಯ ದವಡೆ ಬಿಡಿಸಿ ಎತ್ತಿಕೊಂಡ. ಆಗ ತಾಯಿ ಬೆಕ್ಕು ಅಟ್ಟದಿಂದ ನೇರ ಅವನ ಕೈಗೆ ಹಾರಿತು. ಹಲ್ಲು ಅಂಗೈಯಲ್ಲಿ ಇಳಿದದ್ದು ಬಿಡಲೇ ಇಲ್ಲ. ಅವನು ಕೈ ಬೀಸಿ ಗೋಡೆಗೆ ಬಡಿದ. ಬಿದ್ದಿತು, ಎದ್ದಿತು, ಮತ್ತೆ ಹಾರಿತು. ಎರಡನೆಯ ಸಲ ಒದ್ದ. ಅದು ಕುಂಟುತ್ತ ಉಳಿದೆರಡು ಮರಿಗಳ ಮುಂದೆ ಹೋಗಿ ಬೆನ್ನು ಬಿಲ್ಲು ಮಾಡಿ ನಿಂತಿತು.

ಮರುದಿನ ಮುಂಜಾನೆ ಮೈದುನ ಗೋಣಿಚೀಲ ಹಿಡಿದು ಬಂದ.

"ಎಲ್ಲಿಗೆ?" ಎಂದೆ.

"ರಾಜೂರ ಹಾದಿಗೆ. ಬಿಟ್ಟ ಬರ್ತೀನ್ರಿ."

"ನಾಯಿ ಹರದ ತಿಂತಾವ ಅವನ್ನ."

"ಬೆಕ್ಕ ಕೊಂದ್ರ ಬಂಗಾರದ ಬೆಕ್ಕ ಮಾಡಿಸಿ ಕಾಶಿಗೆ ಒಯ್ಯಬೇಕಂತ," ಎಂದು ಅತ್ತೆ ಮಲಗಿದಲ್ಲಿಂದಲೇ ಹೇಳಿದರು. "ನಿನ್ನ ಕೈಲೆ ತಾಮ್ರದ್ದೂ ಆಗೂದಿಲ್ಲ."

"ನಾಯಿ ಕೊಂದ್ರ ನಾಯಿ ಹೋಗ್ಲಿ ಕಾಶಿಗೆ," ಎಂದ ಅವನು. ನಂತರ ನನ್ನ ಕಡೆ ತಿರುಗಿ ದನಿ ತಗ್ಗಿಸಿದ. "ವೈನಿ, ಇವು ಕಚ್ಚಿದ ಜಾಗಾ ಕಣ್ಣಿಗೆ ಕಾಣೂದಿಲ್ರಿ. ಬೆಳವಣಕ್ಯಾಗ ಮದವಿ ಐತಿ, ಅಲ್ಲೂ ಕರೆಂಟ ಬಂದೈತಿ. ಹಂದರದಾಗ ನೀರ ಚೆಲ್ಲಿರತೈತಿ, ಬರಿಗಾಲಲೆ ನಿಂತಿರ್ತೀನಿ. ವಾಯರ ನನ್ನ ಕೈಯಾಗ ಇರತೈತಿ. ನಾ ಸಾಯ್ಲೋ, ಅವು ಸಾಯ್ಲೋ?"

ನಾನು ಮರಿಗಳ ಕಡೆ ನೋಡಿದೆ. ಒಂದು ಬೂದು, ಒಂದು ಕಪ್ಪು. ಕಪ್ಪು ಮರಿ ಪೆಟ್ಟಿಗೆಯತ್ತ ಹೊರಟಿತ್ತು. ದಾರಿಯಲ್ಲಿ ನನ್ನ ರಾಟಿಯಿಂದ ಜಾರಿದ ಕೆಂಪು ಎಳೆಯೊಂದು ಬಿದ್ದಿತ್ತು. ಮರಿ ಅದರ ಮುಂದೆ ನಿಂತಿತು, ಮೂಗು ಹಿಂದೆಳೆದುಕೊಂಡಿತು, ಸುತ್ತು ಹಾಕಿ ದಾಟಿತು. ದಾಟಿದ್ದೇ ಕಪ್ಪು ವಾಯರಿನ ಬಳಿ ಹೋಗಿ ಪಂಜ ಇಟ್ಟಿತು.

"ನಿಂದರಪಾ ಸ್ವಲ್ಪ," ಎಂದೆ. "ವಾಯರಿಗೆ ನೂಲು ಸುತ್ತೋಣು."

"ಮೈಕಿಗೆ ಸೀರಿ ಉಡಸ್ತೀರೇನು?"

"ಉಡಸ್ತೀನಿ. ಸೆರಗೂ ಹಾಕ್ತೀನಿ. ಮದವಿ ಆಗೂಮಟ ಚೀಲ ಗೂಟಕ್ಕ ಹಾಕು."

ಅವನು ಚೀಲವನ್ನು ಗೂಟಕ್ಕೆ ತೂಗುಹಾಕಿದ. ಕಣ್ಣೆದುರೇ ಇರಲಿ ಎಂದ. ಮರಿಗಳನ್ನು ಬುಟ್ಟಿಯ ಕೆಳಗೆ ಮುಚ್ಚಿ, ಮಗ್ಗದಲ್ಲಿ ಉಳಿದ ತುಂಡು ನೂಲನ್ನೆಲ್ಲ ಒಟ್ಟು ಮಾಡಿ, ಕೆಂಪು ಹಸಿರು ಎನ್ನದೆ ನಾವಿಬ್ಬರೂ ದಿನವಿಡೀ ಕೂತು ಸುತ್ತಿದೆವು. ಬೆರಳ ಸಂದು ಹರಿದು ಉರಿ ಎದ್ದಿತು. ನಾನು ರೊಟ್ಟಿ ಬಡಿಯಲು ಎದ್ದು ಹೋದೆ. ಕೊನೆಯ ಸುರುಳಿಯನ್ನು ಅವನೇ ಮುಗಿಸಿದ.

ಬೆಳಗ್ಗೆ ಎದ್ದರೆ ವಾಯರು ಮೂರು ಕಡೆ ಕಡಿದು ತಾಮ್ರ ಹೊಳೆಯುತ್ತಿತ್ತು. ಬುಟ್ಟಿ ಮಗುಚಿ ಬಿದ್ದಿತ್ತು. ನಾನು ಬಾಯಿ ತೆರೆಯುವ ಮೊದಲೇ ಮೈದುನ ಕಪ್ಪು ಮರಿಯ ಹಿಂಗಾಲು ಹಿಡಿದು ತಲೆಕೆಳಗಾಗಿ ಎತ್ತಿದ್ದ. ತೋಳು ಹಿಂದಕ್ಕೆ ಹೋಗಿತ್ತು. ಎದುರಿಗೆ ಕಲ್ಲಿನ ಗೋಡೆ. ನಾನು ಆ ತೋಳಿಗೆ ಜೋತುಬಿದ್ದೆ. ಅವನು ಕೊಡವಿದ, ನಾನು ಬಿಡಲಿಲ್ಲ, ನನ್ನ ಬಳೆ ಒಡೆದು ಇಬ್ಬರ ಕೈಗೂ ಚುಚ್ಚಿತು.

"ಬಿಡ್ರಿ ವೈನಿ."

"ಮೊದಲ ಆ ವಾಯರ ಮೂಸಿ ನೋಡು. ಆಮ್ಯಾಲ ಬಡಿ."

ನನ್ನ ಮೂಗಿಗೆ ಅದು ಆಗಲೇ ಬಡಿದಿತ್ತು. ಹುಳಿ ಹುಳಿ ವಾಸನೆ. ಕಡಿದ ಜಾಗದ ಸುತ್ತ ಇಲಿಯ ಹಿಕ್ಕೆ, ಕರಿ ಜೀರಿಗೆ ಚೆಲ್ಲಿದ ಹಾಗೆ.

"ಗಂಜಿ ಯಾರು ಹಚ್ಚಿದ್ರು?" ಎಂದು ಕೇಳಿದೆ.

ಅವನ ತೋಳು ನಿಧಾನ ಕೆಳಗೆ ಬಂತು. "ನೂಲು ಸಡ್ಲ ಆಗಬಾರದಲ್ರಿ," ಎಂದ. "ಸುತ್ತಿ ಮುಗಿಸಿದೆ. ಕೈ ತಾನ ಗಂಜಿ ಗಡಿಗಿಗೆ ಹೋತು."

ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದ ಅತ್ತೆಗೆ ನಗು ತಡೆಯಲಾಗಲಿಲ್ಲ. ನಗಲು ಹೋಗಿ ಗಾಯ ಜಗ್ಗಿ ಹಾ ಎಂದರು. "ಮಗ್ಗ ಬಿಟ್ಟ ಓಡಿದ ಮಗನ, ಮಗ್ಗ ನಿನ್ನ ಬಿಟ್ಟಿಲ್ಲ ನೋಡು. ಇಲಿಗೆ ಎಲಿ ಹಾಕಿ ಬಡಿಸಿ, ಬೆಕ್ಕಿಗೆ ನೇಣ ಹಾಕಾಕ ನಿಂತಾನ."

ಕುಣಿಯೊಳಗಿನಿಂದ ನಮ್ಮ ಮನೆಯವರೂ ಒಂದು ಸಲ ಮೂಗಿನಲ್ಲಿ ನಕ್ಕರು. ಆ ಜಗಳದ ಮೇಲೆ ಅಣ್ಣ ತಮ್ಮ ನಡುವೆ ಬಂದ ಮೊದಲ ಸದ್ದು ಅದು.

ಆ ನೂಲನ್ನೆಲ್ಲ ಬಿಚ್ಚಿ ಒಲೆಗೆ ಹಾಕಿದೆವು. ಕಡಿದಲ್ಲಿ ಅವನು ಜೋಡಿಸಿ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದ. ಮತ್ತೆ ಸುತ್ತಿದ್ದು ಒಣ ನೂಲು, ಗೇಣಿಗೊಂದು ಗಂಟು. ಗಂಜಿಯ ಗಡಿಗೆಯನ್ನು ನಾನು ಅಡುಗೆಮನೆಯಲ್ಲಿ ಬಚ್ಚಿಟ್ಟೆ.

ಇನ್ನು ಮರಿಗಳಿಗೆ ಕಲಿಸಬೇಕು. ನೆಲದ ಮೇಲಿನ ತೆಳ್ಳನೆಯ ಎಳೆಗೆ ಅವು ಅಂಜುತ್ತಿದ್ದವು ನಿಜ. ಆದರೆ ಹಾವಿನಷ್ಟು ದಪ್ಪದ ಈ ಬಣ್ಣದ ವಾಯರು ಅವಕ್ಕೆ ಹೊಸದು, ಮೂಸಿ ನೋಡಲು ಬಂದೇ ಬಂದವು. ಬಿದ್ದ ಮೇಲೆ ಅತ್ತೆಯ ಕೈ ನಡುಗುತ್ತಿತ್ತು, ಏಟು ಎಲ್ಲೆಲ್ಲೋ ಬೀಳುತ್ತಿತ್ತು. ಕಂಡಿಕೆಯನ್ನು ನನ್ನ ಕೈಗೆ ಕೊಟ್ಟರು. "ಮೆತ್ತಗ ಹೊಡಿಬ್ಯಾಡಬೇ. ಮೆತ್ತಗ ಹೊಡದದ್ದು ಆಟ ಅಂತ ತಿಳಿತಾವ."

ಮದುವೆಗೆ ದಿನ ಕಡಿಮೆ ಇದ್ದವು. ಚೀಲ ಗೂಟದಲ್ಲಿ ತೂಗುತ್ತಿತ್ತು. ಪ್ಲಗ್ಗು ಕಿತ್ತಿಟ್ಟು, ಅದೇ ವಾಯರನ್ನು ಮರಿಗಳ ಮುಂದೆ ಎಳೆದಾಡಿಸಿ, ಪಂಜ ಎತ್ತಿದಾಗಲೆಲ್ಲ ಹೊಡೆದೆ. ಮುಂಜಾನೆ ಹೊಡೆದೆ, ಊಟವಾದ ಮೇಲೆ ಹೊಡೆದೆ, ದೀಪ ಹಚ್ಚುವ ಮುಂಚೆ ಹೊಡೆದೆ. ಬೂದು ಮರಿಯ ಮೂಗಿನಲ್ಲಿ ರಕ್ತ ಬಂದ ದಿನವೂ ನಿಲ್ಲಿಸಲಿಲ್ಲ. ಕಪ್ಪು ಮರಿ ಮೊಂಡು, ಏಟು ತಿಂದು ನನ್ನ ಬೆರಳನ್ನೇ ಕಚ್ಚಿ ಮತ್ತೆ ವಾಯರಿಗೆ ಬರುತ್ತಿತ್ತು. ಅದಕ್ಕೆ ಇನ್ನೂ ಜೋರಾಗಿ ಬಿತ್ತು. ತಾಯಿ ಬೆಕ್ಕು ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸೀಳಿತು. ಎಡಗೈಯಿಂದ ಅದನ್ನು ಒತ್ತಿ ಹಿಡಿದು ಬಲಗೈಯಿಂದ ಅದರ ಕೂಸುಗಳನ್ನು ಹೊಡೆದೆ. ಆ ಗೀರುಗಳು ಈಗಲೂ ಇವೆ, ಹಿಟ್ಟು ನಾದುವಾಗ ಬೆಳ್ಳಗೆ ಕಾಣುತ್ತವೆ. ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದವಳು ನಾನೇ ಎಂದರೆ ಆಗ ಯಾರೂ ನಂಬುತ್ತಿರಲಿಲ್ಲ.

ಮದುವೆಯ ಮುನ್ನಾದಿನ ಸಂಜೆ ಮೈದುನ ಪ್ಲಗ್ಗು ಚುಚ್ಚಿ ಸೆಟ್ಟು ಹಚ್ಚಿದ. ಒಂದು ಕೈ ಪ್ಲಗ್ಗಿನ ಮೇಲೇ ಇತ್ತು. ನಮ್ಮ ಮನೆಯವರು ಲಾಳಿ ನಿಲ್ಲಿಸಿದರು. ಪೆಟ್ಟಿಗೆ ಬೆಚ್ಚಗಾಗುತ್ತಲೇ ಮರಿಗಳು ಒಲೆಯ ಬದಿಯಿಂದ ಎದ್ದು ಬಂದವು. ಬೂದು ಮರಿ ವಾಯರನ್ನು ದೂರದಿಂದಲೇ ಕಂಡು ಹಾರಿ ದಾಟಿತು. ಕಪ್ಪು ಮರಿ ವಾಯರಿನ ಮುಂದೆ ನಿಂತಿತು. ಪಂಜ ಎತ್ತಿತು. ವಾಯರನ್ನು ನೋಡಲಿಲ್ಲ ಅದು, ಕತ್ತು ಹೊರಳಿಸಿ ನನ್ನ ಬಲಗೈ ಎಲ್ಲಿದೆ ಎಂದು ನೋಡಿತು. ಪಂಜವನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಗೋಡೆಗುಂಟ ಸುತ್ತಿ, ಪೆಟ್ಟಿಗೆಯ ಹಿಂದೆ ಹೋಗಿ ಮಲಗಿತು.

ಮೈದುನ ಎದ್ದು ಗೂಟದಿಂದ ಚೀಲ ಇಳಿಸಿದ. ಬೆಳಗ್ಗೆ ಬೆಳವಣಕಿಗೆ ರಿಕಾರ್ಡಿನ ತಟ್ಟೆಗಳನ್ನು ಅದರಲ್ಲೇ ತುಂಬಿಕೊಂಡು ಹೋದ, ನೆಟ್ಟಗೆ ತಿರುಗಿಯೂ ಬಂದ.

ಎರಡೂ ಮರಿಗಳು ನಮ್ಮಲ್ಲೇ ದೊಡ್ಡವಾಗಿ, ಹಾಸು ಕಾದು, ಇಲಿ ಹಿಡಿದು, ಮುದಿಯಾಗಿ ಸತ್ತವು. ಅವಕ್ಕೆ ಹಾಲು ಹಾಕುತ್ತಿದ್ದವಳು ನಾನು. ಬಟ್ಟಲು ಇಟ್ಟು ನಾನು ಒಳಗೆ ಹೋಗುವವರೆಗೆ ಒಂದೂ ಹತ್ತಿರ ಬರುತ್ತಿರಲಿಲ್ಲ. ಗೋಡೆಗೆ ಬಡಿಯಲು ಎತ್ತಿದ್ದ ಮೈದುನನ ತೊಡೆಯ ಮೇಲೆ ಮಾತ್ರ ಕಾಲು ಚಾಚಿ ಮಲಗುತ್ತಿದ್ದವು. ಸಂಜೆ ಊಟಕ್ಕೆ ಕರೆಯಲು ನಾನು ಆ ಮೂಲೆಗೆ ಹೋದರೆ ಸಾಕು, ಅಲ್ಲಿಂದ ಇಳಿದು ಓಡುವವು. ಎಷ್ಟೇ ಅವಸರವಿರಲಿ, ವಾಯರು ಮಾತ್ರ ತುಳಿಯುತ್ತಿರಲಿಲ್ಲ.

"ವೈನಿ, ನಿಮ್ಮನ್ನ ಕಂಡ್ರ ಕರೆಂಟ ಕಂಡಂಗ ಮಾಡ್ತಾವಲ್ರಿ," ಎಂದು ಅವನು ನಗುತ್ತಿದ್ದ.

"ಮಾಡ್ಲೇಳು," ಎನ್ನುತ್ತಿದ್ದೆ. "ಏಳು, ರೊಟ್ಟಿ ಆರತಾವ."