ಫೋನಿನಲ್ಲಿ ನಾನು ಆಡದೆ ಉಳಿಸಿದ ಮಾತು

ನಸೀಮಾಳ ಗಲ್ಫ್ ಕೆಲಸ ತಪ್ಪಿಸಿದವಳು ನಾನು. ಇದನ್ನು ನಿನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ.

ನಿನ್ನೆ ಬೆಳಿಗ್ಗೆ ಟಾಂಕಿಗೆ ನೀರು ಬಿಟ್ಟೆ, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿದೆ, ಗಂಡನ ಅಂಗಿಗೆ ಗುಂಡಿ ಹೊಲಿದೆ, ಕಾವೂರಿನಲ್ಲಿ ಬಸ್ಸು ಹಿಡಿದು ಆಸ್ಪತ್ರೆಗೆ ಹೋದೆ, ವಾರ್ಡಿನಲ್ಲಿ ಇಬ್ಬರ ಹೊಲಿಗೆ ಬಿಚ್ಚಿದೆ — ಆಮೇಲೆ ಹೇಳಿದೆ.

ಹೃದಯ ಶಸ್ತ್ರಚಿಕಿತ್ಸೆಯ ವಿಭಾಗದಲ್ಲಿ ನಾನು ಹಿರಿಯ ಫಿಸಿಶಿಯನ್ ಅಸಿಸ್ಟೆಂಟ್. ನಸೀಮಾ ನನ್ನ ಕೈಕೆಳಗೆ ಕಲಿತವಳು. ಬೈಪಾಸಿನಲ್ಲಿ ರೋಗಿಯ ಕಾಲಿನಿಂದ ರಕ್ತನಾಳ ಬಿಡಿಸಿ ಡಾಕ್ಟರಿಗೆ ಕೊಡುವುದು ನಮ್ಮ ಕೆಲಸ. ಬಗ್ಗಿ ನಿಂತೇ ಮಾಡಬೇಕು. ನನ್ನ ಸೊಂಟ ಸೋತ ಮೇಲೆ ಅದನ್ನೆಲ್ಲ ಅವಳೇ ಮಾಡುತ್ತಿದ್ದಳು — ನನಗಿಂತ ಚೆನ್ನಾಗಿ.

ಕೆಲವು ವರ್ಷಗಳ ಹಿಂದೆ, ಗಲ್ಫಿನಲ್ಲಿ ಅವಳ ಗಂಡ ಇರುವ ಊರಿನ ಆಸ್ಪತ್ರೆಯೊಂದು ಸಂದರ್ಶನದಲ್ಲಿ ಅವಳನ್ನು ಆರಿಸಿತು. ಅಂಥ ಕಡೆ ಸರ್ಟಿಫಿಕೇಟು ಮಾತ್ರ ಸಾಲದು. ಜೊತೆಗೆ ದುಡಿದವರಿಗೆ ನೇರವಾಗಿ ಫೋನ್ ಮಾಡಿ ಕೇಳುತ್ತಾರೆ. ಏನು ಹೇಳಿದರೆಂದು ಅರ್ಜಿ ಹಾಕಿದವರಿಗೆ ತಿಳಿಯುವುದಿಲ್ಲ. ಅವಳು ನಮ್ಮ ಡಾಕ್ಟರ ಹೆಸರನ್ನೂ ನನ್ನ ಹೆಸರನ್ನೂ ಕೊಟ್ಟಿದ್ದಳು.

"ಈಕೆ ಒಬ್ಬಳೇ ಕೆಲಸ ನಿಭಾಯಿಸಬಲ್ಲಳೇ?" ಎಂದು ಆಚೆಯಿಂದ ಕೇಳಿದರು. ನಾನು... ಸುಮ್ಮನಾದೆ. ಅವರಿಗೆ ಅನುಮಾನ ಹುಟ್ಟಲು ಬೇಕಾದಷ್ಟು ಹೊತ್ತು ಸುಮ್ಮನಿದ್ದು, "ಇನ್ನೂ ಸ್ವಲ್ಪ ಕಾಲ ನಮ್ಮಲ್ಲಿದ್ದರೆ ಒಳ್ಳೆಯದು" ಎಂದೆ. ಸುಳ್ಳೇನೂ ಹೇಳಲಿಲ್ಲವಲ್ಲ — ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ಅವಳಿಗೆ ಆ ಕೆಲಸ ಸಿಗಲಿಲ್ಲ. ನನ್ನ ಸೊಂಟ ಉಳಿಯಿತು.

ಈಗ ಅದೇ ಊರಿನ ಇನ್ನೊಂದು ಆಸ್ಪತ್ರೆ. ಮಧ್ಯಾಹ್ನ ನನಗೆ ಅಲ್ಲಿಂದ ಫೋನ್ ಬರುತ್ತದೆಂದು ನೆನಪಿಸಲು ನಸೀಮಾ ನಿನ್ನೆ ಬಂದಳು.

"ಈ ಸಲ ಹೆದರಿಕೆ ಇಲ್ಲ ಸುಜಾತಕ್ಕ, ನಿಮ್ಮ ಹೆಸರು ಮಾತ್ರ ಕೊಟ್ಟದ್ದು. ಆವತ್ತು ಕಲ್ಲು ಹಾಕಿದ್ದು ಆ ಡಾಕ್ಟರೇ. ಅವರ ಮುಖ ಕಂಡ್ರೆ ಈಗ್ಲೂ ಉರಿತದೆ ನಂಗೆ."

"ಡಾಕ್ಟರಲ್ಲ ನಸೀಮಾ. ನಾನು."

"ಎಂತ ತಮಾಷೆ ಮಾರಾಯ್ರೆ!" ಎಂದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಸೊಂಟದ ವಿಷಯವನ್ನೂ ಬಿಡದೆ ಎಲ್ಲ ಹೇಳಿದೆ.

"ನನ್ನ ಮಗಳು ಅಪ್ಪನನ್ನು ಮೊಬೈಲಲ್ಲೇ ನೋಡಿ ದೊಡ್ಡವಳಾದ್ಳು ಅಕ್ಕ. ನಿಮಗೆ ಗೊತ್ತುಂಟಲ್ಲ."

ಗೊತ್ತಿತ್ತು. ಆ ಮಗುವಿನ ಹುಟ್ಟುಹಬ್ಬಕ್ಕೆ ಕೂಳೂರಿನ ಅವರ ಮನೆಗೆ ಹೋಗಿ ಕೇಕು ತಿಂದು ಬಂದವಳು ನಾನು.

"ಬೇರೆಯವರ ಹೆಸರು ಕೊಡು" ಎಂದೆ.

"ಈಗ ಯಾರದ್ದು ಕೊಡುದು? ಫೋನ್ ಬರ್ಲಿ. ನಾನು ಪಕ್ಕದಲ್ಲೇ ಕೂತ್ಕೊಳ್ತೇನೆ. ಸ್ಪೀಕರಿಗೆ ಹಾಕಿ ಮಾತಾಡಿ."

ಹಾಗೆಯೇ ಮಾಡಿದೆ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆಂದು ಆಚೆಯವರಿಗೂ ತಿಳಿಸಿದೆ. "ಒಬ್ಬಳೇ ನಿಭಾಯಿಸುತ್ತಾಳೆ. ಹಿಂದೆಯೂ ನಿಭಾಯಿಸುತ್ತಿದ್ದಳು, ಆಗ ಕೇಳಿದವರಿಗೆ ನಾನು ಹೇಳಲಿಲ್ಲ" ಎಂದೆ. ಅವರು ಧನ್ಯವಾದ ಹೇಳಿ ಫೋನಿಟ್ಟರು. ನಸೀಮಾ ಎದ್ದು ಹೋದಳು. ಕ್ಷಮಿಸಿದೆ ಎನ್ನಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ. ಆದರೂ ಎದೆ... ಎಷ್ಟು ಹಗುರ! ಹಾಗೆ ಅನಿಸುವುದೂ ತಪ್ಪೇನೋ.

ಇಷ್ಟು ವರ್ಷ ಸುಮ್ಮನೆ ಅವಳ ಸಿಟ್ಟು ತಿಂದ ಡಾಕ್ಟರಿಗೂ ಹೇಳಬೇಕು. ಸೋಮವಾರ ಹೇಳುತ್ತೇನೆ. ಅವಳು ಹೋದ ಮೇಲೆ ಹೊಸಬರಿಗೆ ಕಲಿಸುವವರೆಗೆ ನಾನೇ ಬಗ್ಗಬೇಕು. ಬಗ್ಗುತ್ತೇನೆ.

ರಾತ್ರಿ ಗಂಡನಿಗೂ ಹೇಳಿದೆ. ಅವರು ತಟ್ಟೆ ಇಟ್ಟು ಬಡಿಸಿದರು — ಗಂಜಿ, ಸುಟ್ಟ ಒಣಮೀನು, ಮಾವಿನ ಉಪ್ಪಿನಕಾಯಿ. ಎರಡನೆಯ ಸಲ ಹಾಕಿಸಿಕೊಂಡೆ. ದಿನವೂ ಮೊದಲು ಮಲಗುವುದು ಅತ್ತೆ. ನಿನ್ನೆ, ಪಾತ್ರೆಯನ್ನೂ ತೊಳೆಯದೆ, ನಾನೇ ಮೊದಲು ನಿದ್ದೆಹೋದೆನಂತೆ.