ಮನೆಗೆ ಕಳಿಸಿದ ಬೇಳೆ

ಮೊನ್ನೆ ಮಗಳು ಫೋನಿನಲ್ಲಿ ತರಿಸಿದ ತೊಗರಿ ಬೇಳೆಯ ಪಾಕೀಟನ್ನು ನಾನೇ ಕತ್ತರಿಸಿ ಡಬ್ಬಿಗೆ ಸುರಿದೆ. ಎಣ್ಣೆ ಹಚ್ಚಿ ಒಣಗಿಸಿದ ಬೇಳೆಯ ಮಂದ ವಾಸನೆ ಮೂಗಿಗೆ ಬಂತು. ಬೈಲಹೊಂಗಲದ ನಮ್ಮ ಕಿರಾಣಿ ಅಂಗಡಿಯಲ್ಲಿ ಹೊಸ ಚೀಲದ ಬಾಯಿ ಬಿಚ್ಚಿದಾಗ ಬರುತ್ತಿದ್ದದ್ದು ಇದೇ ವಾಸನೆ. ಅದರ ಬೆನ್ನಿಗೇ ನೆನಪಾದವರು ನಮ್ಮ ಹಿಂದಿನ ಓಣಿಯ ವೈನಿ. ಬಳಗವೇನಲ್ಲ. ಅವರ ಗಂಡನನ್ನು ನಾನು ಅಣ್ಣ ಅನ್ನುತ್ತಿದ್ದೆ, ಹಾಗಾಗಿ ಅವರು ವೈನಿ...

ಸಂತೆಯ ದಿನ ವೈನಿ ತಪ್ಪದೆ ನಮ್ಮ ಅಂಗಡಿಗೆ ಬರುತ್ತಿದ್ದರು. ಮುನವಳ್ಳಿಯಿಂದ ಅವರ ತಾಯಿಯೂ ಬಸ್ಸು ಹಿಡಿದು ಬರುತ್ತಿದ್ದರು. ಮದುವೆಯಲ್ಲಿ ಮಾನಪಾನದ ಮಾತಿಗೆ ಬೀಗರಲ್ಲಿ ಜಗಳವಾಗಿ, ವೈನಿಯ ಅತ್ತೆ ಆ ತಾಯಿಗೆ ತಮ್ಮ ಹೊಸ್ತಿಲು ತುಳಿಯಬೇಡ ಎಂದುಬಿಟ್ಟಿದ್ದರು. ಸೊಸೆಯನ್ನು ತವರಿಗೂ ಕಳಿಸುತ್ತಿರಲಿಲ್ಲ. ಹೀಗಾಗಿ ತಾಯಿ ಮಗಳು ಸೇರುವ ಜಾಗವೆಂದರೆ ನಮ್ಮ ಅಂಗಡಿಯಲ್ಲಿ ಗಿರಾಕಿಗಳು ಕೂರಲು ಹಾಕಿದ್ದ ಮರದ ಬಾಕು ಒಂದೇ. ಅಪ್ಪ ಸಾಮಾನು ಕಟ್ಟುವುದನ್ನು ಬೇಕೆಂದೇ ತಡಮಾಡುತ್ತಿದ್ದರು. ಅವರಿಬ್ಬರೂ ತಲೆಗೆ ತಲೆ ಹಚ್ಚಿ ಏನೋ ಮಾತಾಡುತ್ತ, ನಡುನಡುವೆ ನಗುತ್ತ ಕೂತಿರುತ್ತಿದ್ದರು.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಓಣಿಯ ಸುಮಾರು ಮನೆಗಳಿಗೆ ಫೋನು ಬಂದಿತ್ತು. ಫೋನ್ ಮಾಡಿದರೆ ಸಾಮಾನು ಮನೆಗೇ ಮುಟ್ಟಿಸುವ ಉಪಾಯ ನನಗೆ ಹೊಳೆಯಿತು. ಆಗಲೇ ಅಂಗಡಿಯ ಅರ್ಧ ಕಾರಭಾರ ನನ್ನದಾಗಿತ್ತು. ಅಪ್ಪನಿಗೆ ಮನಸ್ಸಿರಲಿಲ್ಲ.

“ಗಿರಾಕಿ ಬಂದು, ಕೈಯಾಗ ಹಿಡದು, ಮೂಸಿ ನೋಡಿ ಒಯ್ಯಬೇಕಪಾ. ಕಣ್ಣಿಲೆ ಕಾಣಲಾರದ ಮಾಲಿಗೆ ನಂಬಿಗಿ ಹ್ಯಾಂಗ ಹುಟ್ಟತೈತಿ?” ಅಂದರು.

ನಾನು ಕೇಳಲಿಲ್ಲ. ಮೊಪೆಡ್ಡಿಗೆ ಎರಡೂ ಕಡೆ ಚೀಲ ಕಟ್ಟಿ ಹೊರಟೆ. ಜನರಿಗೆ ಹಿಡಿಸಿತು, ಸುಳ್ಳಲ್ಲ. ಮೊಣಕಾಲು ನೋವಿನ ಮುದುಕರು ಹರಸಿದರು. ಬಾಣಂತಿ ಇದ್ದ ಮನೆಯವರು ಹೊತ್ತಿಗೆ ಸರಿಯಾಗಿ ಬೆಲ್ಲ, ಕೊಬ್ಬರಿ ಬಂತೆಂದು ಚಹಾ ಕುಡಿಸಿ ಕಳಿಸಿದರು. ಸುಗ್ಗಿಯಲ್ಲಿ ಹೊಲ ಬಿಟ್ಟು ಬರಲಾಗದವರಿಗಂತೂ ದೊಡ್ಡ ಅನುಕೂಲ. ನಾನು ಉಬ್ಬಿಹೋಗಿದ್ದೆ.

ವೈನಿಯ ಅತ್ತೆಗೂ ಸುದ್ದಿ ಮುಟ್ಟಿತು. ಅವರನ್ನು ಓಣಿಯೆಲ್ಲ ಆಯಿ ಅನ್ನುತ್ತಿತ್ತು. “ಸಾಮಾನ ಬಾಗಿಲಕ್ಕ ಬರತಾವ ಅಂದಮ್ಯಾಲ ಹೆಣ್ಮಕ್ಕಳು ಪ್ಯಾಟಿಗೆ ಹೋಗೂದು ಯಾತಕ್ಕ?” ಅಂದರಂತೆ. ಅಂದಿನಿಂದ ವೈನಿ ಅಂಗಡಿಗೆ ಬರುವುದು ನಿಂತಿತು.

ಮುಂದಿನ ಸಂತೆಗೆ ಅವರ ತಾಯಿ ಬಂದರು. ಬಾಕಿನ ತುದಿಗೆ ಕೂತು, ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದರು. ಬಿಸಿಲು ಇಳಿಯತೊಡಗಿದಾಗ ನನ್ನ ಕಡೆ ತಿರುಗಿದರು.

“ಮಗಳಿಗೆ ಆರಾಮ ಇಲ್ಲೇನ್ರಿ?”

“ಆರಾಮ ಅದಾರ್ರಿ. ಸ್ವಲ್ಪ ಕುಂತ್ರಿ, ಬರಬಹುದು,” ಅಂದೆ. ಅವತ್ತು ಬೆಳಿಗ್ಗೆಯೇ ಆ ಮನೆಗೆ ಸಾಮಾನು ಕೊಟ್ಟು ಬಂದವನು ನಾನು. ಇನ್ನು ಆಕೆ ಬರುವುದಿಲ್ಲ, ಅದಕ್ಕೆ ನಾನೇ ಕಾರಣ ಎಂದು ಆ ಮುಖ ನೋಡಿ ಹೇಳಲಾಗಲಿಲ್ಲ. ಕೊನೆಯ ಬಸ್ಸಿನ ಹೊತ್ತಾಯಿತೆಂದು ಅವರು ಎದ್ದು ಹೋದರು. ಗಂಟು ಕೊಟ್ಟು ಹೋಗಲಿಲ್ಲ. ಮಗಳ ಕೈಗೇ ಕೊಡಬೇಕೆಂದಿತ್ತೇನೋ...

ಮರುವಾರ ಸಾಮಾನು ಇಳಿಸುವಾಗ ವೈನಿಗೆ ಮೆಲ್ಲಗೆ ಹೇಳಿದೆ, “ಅವ್ವಾರು ಬಂದಿದ್ರು. ಭಾಳ ಹೊತ್ತು ಕುಂತಿದ್ರು.” ವೈನಿ ಒಳಗಿನ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಬೇಳೆಯ ಪೊಟ್ಟಣ ಬಿಚ್ಚಿ, ಒಳಗೆ ಕೇಳುವಂತೆ ದನಿ ಎತ್ತಿದರು.

“ಅತ್ತಿ, ಬ್ಯಾಳ್ಯಾಗ ಹುಳ ಅದಾವ ನೋಡ್ರಿ.”

ನಾನು ಬಗ್ಗಿ ನೋಡಿದೆ. ಅವತ್ತು ಮುಂಜಾನೆ ನಾನೇ ಆರಿಸಿ ಕಟ್ಟಿದ ಬೇಳೆ. ಚಿನ್ನದ ಹಾಗಿತ್ತು. ಆಯಿ ಗೋಡೆ ಹಿಡಿದುಕೊಂಡು ಹೊರಬಂದರು. ಅವರ ಕಣ್ಣಿಗೆ ಪೊರೆ ಬಂದಿತ್ತು, ಬೇಳೆಯೂ ಹುಳವೂ ಒಂದೇ ಕಾಣುತ್ತಿತ್ತು.

“ಹೌದೇನೋ ತಮ್ಮಾ?” ಅಂದರು ನನಗೆ.

ವೈನಿ ನನ್ನನ್ನು ನೋಡಲಿಲ್ಲ. ಅವರ ಕಿವಿಯತನಕ ರಕ್ತ ಏರಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಮುಖ ಅದು.

“ಹೌದ್ರೀ ಆಯಿ,” ಅಂದೆ ನಾನು.

ಆಯಿ ಓಣಿಗೆಲ್ಲ ಸಾರಿದರು. ಇನ್ನು ಸೊಸೆಯೇ ಹೋಗಿ ಆರಿಸಿ ತರಲಿ ಎಂದೂ ಅಪ್ಪಣೆಯಾಯಿತು. ಆದರೆ ನಮ್ಮದು ಹುಳದ ಅಂಗಡಿ ಎಂಬ ಮಾತು ಅಪ್ಪನ ಕಿವಿಗೆ ಬಿತ್ತು. ಅಪ್ಪ ನನಗೆ ಬೈಯಲಿಲ್ಲ. ಇಡೀ ಚೀಲವನ್ನು ಚಾಪೆಯ ಮೇಲೆ ಸುರಿದು, ಮೊರ ಹಿಡಿದು ಕೇರುತ್ತ ಕೂತರು. ಒಂದು ಹುಳವೂ ಸಿಗಲಿಲ್ಲ. “ಕಣ್ಣು ಸಾಲವಲ್ದು ನನಗ,” ಅಂದುಕೊಂಡು ಮತ್ತೆ ಮೊದಲಿನಿಂದ ಕೇರಿದರು. ನಾನು ಎದುರಿಗೇ ನಿಂತಿದ್ದೆ. ನಿಜ ಹೇಳಿದ್ದರೆ ಅಪ್ಪ ಯಾರ ಮುಂದೆಯೂ ಆಡುತ್ತಿರಲಿಲ್ಲವೇನೋ. ಆದರೆ ಗಿರಾಕಿ ಕೆಣಕಿದಾಗ ತಡೆಯಲಾರದೆ ಬಾಯಿ ಬಿಟ್ಟರೆ ವೈನಿಯ ಗತಿಯೇನು ಎಂಬ ಹೆದರಿಕೆ. ಅಂದಿನಿಂದ ಅಕ್ಕಿ, ಬೇಳೆಯನ್ನು ಮನೆಗೆ ಕಳಿಸುವುದು ಬೇಡ ಎಂದರು. ಮೊಣಕಾಲು ನೋವಿನ ಮುದುಕರು ಮತ್ತೆ ಕೋಲೂರಿಕೊಂಡು ಅಂಗಡಿ ಮೆಟ್ಟಿಲು ಹತ್ತುವಂತಾಯಿತು.

ವೈನಿ ಸಂತೆಗೆ ಬರತೊಡಗಿದರು. ತಾಯಿಯೂ ಬಂದರು. ಬಾಕಿನ ಮೇಲೆ ನಗುವೂ ಕೇಳಿಸಿತು. ಆದರೆ ಪ್ರತಿ ಸಲವೂ ಅಪ್ಪ ಒಂದು ತಾಟಿನಲ್ಲಿ ಬೇಳೆ ಹರವಿ ತಂದು ವೈನಿಯ ಮುಂದೆ ಹಿಡಿಯುತ್ತಿದ್ದರು.

“ನೋಡ್ಕೋವಾ ತಂಗಿ, ಈ ಸಲ ಸ್ವಚ್ಛ ಅದಾವ.”

ವೈನಿಯ ತಲೆ ಎದೆಗೆ ಹತ್ತುವಷ್ಟು ಬಾಗುತ್ತಿತ್ತು. ಸುಮ್ಮನೆ ಬೆರಳಾಡಿಸಿ, “ಚಲೋ ಅದಾವ್ರಿ ಕಾಕಾ,” ಅನ್ನುತ್ತಿದ್ದರು. ಏನೂ ತಿಳಿಯದ ತಾಯಿ ಪಕ್ಕದಲ್ಲಿ ಕೂತು, “ಎಷ್ಟ ಚಂದ ಅದಾವ ಬ್ಯಾಳಿ, ಇದರಾಗ ನೋಡೂದೇನ ಐತಿ?” ಎಂದು ಅಪ್ಪನನ್ನು ಹೊಗಳುತ್ತಿದ್ದರು. ನಾನು ಒಳಗೆ ಹೋಗಿ ಎಣ್ಣೆ ಡಬ್ಬಿ ಸರಿಸುತ್ತಿದ್ದೆ. ಎಷ್ಟು ಸಂತೆ ಹೀಗೆ ಕಳೆದವೋ...

ಒಂದು ಮಳೆಗಾಲ ಮುನವಳ್ಳಿಯಿಂದ ಆ ತಾಯಿ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಮಾತ್ರ ವೈನಿಯನ್ನು ಕಳಿಸಿದರು. ತಿರುಗಿ ಬಂದ ಮೇಲೆ ಒಂದು ದಿನ ಅಂಗಡಿಯ ಮುಂದೆ ನಿಂತರು. ಬಾಕಿನ ಕಡೆ ನೋಡಲಿಲ್ಲ. ಅಪ್ಪ ತಾಟು ಎತ್ತಿಕೊಳ್ಳುವಷ್ಟರಲ್ಲಿ, “ತೋರಸಬ್ಯಾಡ್ರಿ ಕಾಕಾ. ಇನ್ನ ಮನಿಗೇ ಕಳಸ್ರಿ. ಬ್ಯಾಳಿ ಸೈತ,” ಅಂದರು. ಇನ್ನೇನೋ ಹೇಳಲು ಬಾಯಿ ತೆರೆದು, ಸೆರಗು ಅಡ್ಡ ಹಿಡಿದು ಹೊರಟುಹೋದರು.

ಅಪ್ಪನ ಮುಖ ಅರಳಿತು. ಉಣ್ಣುವಾಗ ಅವ್ವನ ಮುಂದೆ ಅದೇ ಮಾತು. “ಕಡೀಕ ಆಕಿಗೆ ನಮ್ಮ ಮ್ಯಾಲ ನಂಬಿಗಿ ಬಂತು ನೋಡು,” ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ನಾನು ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಕೈ ತೊಳೆದೆ.

ಅಪ್ಪ ಆ ಸಂತೋಷದಲ್ಲೇ ಇದ್ದು ಹೋದರು. ವೈನಿಯ ಮನೆಯವರು ಊರು ಬಿಟ್ಟು ಹುಬ್ಬಳ್ಳಿ ಕಡೆ ಹೋದರೆಂದು ಕೇಳಿದೆ. ಅವರು ಇದ್ದಾರೋ ಇಲ್ಲವೋ, ತಿಳಿಯದು. ನಾವೂ ಅಂಗಡಿ ಮಾರಿದ್ದೇವೆ. ಮಗಳು ಮಾತ್ರ ತನ್ನ ಗೆಳತಿಯರು ಬಂದಾಗ, ನಮ್ಮೂರಲ್ಲಿ ಮನೆಮನೆಗೆ ಕಿರಾಣಿ ಮುಟ್ಟಿಸುವುದನ್ನು ಮೊದಲು ಶುರುಮಾಡಿದ್ದು ತನ್ನಪ್ಪ ಎಂದು ಹೆಮ್ಮೆಯಿಂದ ಹೇಳುತ್ತಾಳೆ. ಅವರೆಲ್ಲ ನನ್ನ ಕಡೆ ಮೆಚ್ಚಿ ನೋಡುತ್ತಾರೆ. ನನಗೆ ಅವರ ಮುಂದೆ ಕೂತಿರಲು ಆಗುವುದಿಲ್ಲ. ನೀರು ಕುಡಿದು ಬರುತ್ತೇನೆಂದು ಎದ್ದು ಒಳಗೆ ಹೋಗುತ್ತೇನೆ.