ಆಗದ ಸಭೆಯಲ್ಲಿ ಮೌಶಿ ಆಡಿದ ಮಾತು

ಕಳೆದ ತಿಂಗಳು ಒಂದು ಮಧ್ಯಾಹ್ನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ವಾಚ್‌ಮನ್ ಬಾಗಿಲು ತಟ್ಟಿ, ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ರಿಜಿಸ್ಟರೊಂದನ್ನು ಮುಂದೆ ಹಿಡಿದ. ಪೆನ್ನನ್ನು ಅದಕ್ಕೇ ದಾರದಿಂದ ಕಟ್ಟಿದ್ದರು. "ವಾರ್ಷಿಕ ಸಭೆಯದು ಮೇಡಂ, ಇಲ್ಲೊಂದು ಸಹಿ ಹಾಕಿ," ಎಂದ ಮರಾಠಿಯಲ್ಲಿ. ಸಭೆ ಯಾವಾಗ ಆಯಿತು ಎಂದು ಕೇಳಿದೆ. "ಆಗಿದೆ ಅಂತ ಬರೆದಾಗಿದೆಯಲ್ಲ," ಎಂದು ನಕ್ಕ. ಹಾಳೆಗಳಿಂದ ಅಂಟು, ಹಳೆಯ ಕಾಗದ, ಸ್ಟ್ಯಾಂಪ್ ಪ್ಯಾಡಿನ ಶಾಯಿ ಎಲ್ಲ ಬೆರೆತ ವಾಸನೆ ಬಂತು. ನಾನು ಸಹಿ ಹಾಕಲಿಲ್ಲ. ಅವನು ಹೋದ ಮೇಲೂ ಬಾಗಿಲು ಹಿಡಿದುಕೊಂಡು ನಿಂತೇ ಇದ್ದೆ. ಆ ವಾಸನೆ ನನ್ನನ್ನು ಹದಿನೆಂಟು ವರ್ಷ ಹಿಂದಕ್ಕೆ, ಮೌಶಿಯ ಪಡಸಾಲೆಗೆ ಒಯ್ದು ಕೂರಿಸಿತ್ತು...

ಆಗ ನಾನು ಮದುವೆಯಾಗಿ ಇಂಡಿ ತಾಲೂಕಿನ ಕಡೆಯಿಂದ ಪುಣೆಗೆ ಬಂದು ಎರಡು ವರ್ಷವಾಗಿತ್ತು. ನಮ್ಮವರಿಗೆ ಹಡಪಸರದ ಒಂದು ಕಾರ್ಖಾನೆಯಲ್ಲಿ ಕೆಲಸ. ಪೇಟೆಯಲ್ಲಿ ಬಾಡಿಗೆ ಕೈಗೆಟುಕದೆ, ಅಲ್ಲಿಂದ ಇನ್ನಷ್ಟು ಆಚೆ, ಕಬ್ಬಿನ ಹೊಲಗಳ ನಡುವಿನ ಒಂದು ಊರಲ್ಲಿ ಕೋಣೆ ಹಿಡಿದಿದ್ದೆವು. ಮನೆಯ ಮಾಲಕಿಯ ತವರು ಗಡಿಭಾಗದ ಅಕ್ಕಲಕೋಟದ ಕಡೆ. ನಾಲ್ಕನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವರು. ಮದುವೆಯಾಗಿ ಈ ಮರಾಠಿ ಊರಿಗೆ ಬಂದ ಮೇಲೆ ಅವರ ಕನ್ನಡ ಒಳಗೇ ಉಳಿದಿತ್ತು. ನಾನು ಬಂದ ಮೊದಲನೇ ದಿನ, ಬಿಂದಿಗೆ ಇಳಿಸುತ್ತ, "ಇಂಡಿ ಕಡಿಯಾಕೀ ಏನ ನೀ? ಅಯ್ಯ, ಬಾ ಯವ್ವಾ, ಒಳಗ ಬಾ," ಎಂದವರು ನನ್ನ ಕೈ ಬಿಡಲೇ ಇಲ್ಲ. ಅಂದಿನಿಂದ ಅವರು ನನಗೆ ಮೌಶಿ, ಚಿಕ್ಕಮ್ಮ.

ಮೌಶಿ ಆ ಊರಿನ ಸರಪಂಚರು, ಅಂದರೆ ಪಂಚಾಯಿತಿಯ ಅಧ್ಯಕ್ಷರಾಗಿದ್ದರು. ಹಾಗೆಂದು ಊರಲ್ಲಿ ಕೇಳಿದ್ದರೆ ಯಾರೂ ಹೇಳುತ್ತಿರಲಿಲ್ಲ. ಆ ಸಲ ಸರಪಂಚರ ಜಾಗ ಹೆಂಗಸರಿಗೆ ಮೀಸಲಾದ್ದರಿಂದ ಅವರ ಯಜಮಾನರು ಅರ್ಜಿಗೆ ಹೆಂಡತಿಯ ಸಹಿ ಹಾಕಿಸಿದ್ದರು. ಪೋಸ್ಟರಿನಲ್ಲಿ ಯಜಮಾನರ ಮುಖ ತಟ್ಟೆಯಷ್ಟು, ಮೌಶಿಯದು ಬಟ್ಟಲಷ್ಟು. ಗೆದ್ದ ಮೇಲೆ ಪಂಚಾಯಿತಿಯ ಕುರ್ಚಿಯಲ್ಲಿ ಅವರೇ ಕೂತರು, ಊರೂ ಅವರನ್ನೇ ಸರಪಂಚ ಸಾಹೇಬರೇ ಎಂದು ಕರೆಯಿತು. ಮೌಶಿ ಬಂದವರಿಗೆ ಚಹಾ ಮಾಡಿಕೊಟ್ಟರು. ಮರಾಠಿಯಲ್ಲಿ ತಮ್ಮ ಹೆಸರನ್ನು ರಂಗೋಲಿಯ ಎಳೆಯಂತೆ ನಿಧಾನವಾಗಿ ಎಳೆಯುವುದನ್ನು ಯಜಮಾನರೇ ಕಲಿಸಿದ್ದರು. ತಂದಿಟ್ಟ ಕಾಗದಕ್ಕೆಲ್ಲ ಅದನ್ನು ಎಳೆದುಕೊಡುವುದಷ್ಟೇ ಅವರ ಸರಪಂಚಿಕೆ.

ಇಲ್ಲಿಯ ಕಾಯಿದೆಯಲ್ಲಿ ಒಂದು ನಿಯಮವಿದೆ. ಊರ ಗ್ರಾಮಸಭೆಗೆ ಮುಂಚೆ ಹೆಂಗಸರದೇ ಒಂದು ಸಭೆ ಆಗಬೇಕು, ಅದರ ವರದಿ ರಿಜಿಸ್ಟರಿನಲ್ಲಿ ಇರಬೇಕು. ಆ ಊರಲ್ಲಿ ಸಭೆ ಆಗುತ್ತಿರಲಿಲ್ಲ, ರಿಜಿಸ್ಟರ್ ಮಾತ್ರ ತುಂಬುತ್ತಿತ್ತು. ಪಂಚಾಯಿತಿಯ ಕಾಗದಪತ್ರ ನೋಡಿಕೊಳ್ಳುವ ಗ್ರಾಮಸೇವಕರಿಗೆ ನನ್ನ ಅಕ್ಷರ ದುಂಡಗಿದೆ ಎಂದು ಹೇಗೋ ತಿಳಿಯಿತು. "ಹೆಂಗಸರ ಸಭೆಯದು ಹೆಂಗಸಿನ ಕೈಯಲ್ಲಿದ್ದರೆ ಚೆನ್ನ," ಎಂದು ನನಗೇ ಒಪ್ಪಿಸಿದರು. ಶಾಲೆಯಲ್ಲಿ ಕಲಿತ ಹಿಂದಿ ಅಕ್ಷರ, ಓಣಿಯಲ್ಲಿ ಕಲಿತ ಮರಾಠಿ ಮಾತು, ಇವೆರಡನ್ನೂ ಸೇರಿಸಿಕೊಂಡು ನಾನು ಆಗದ ಸಭೆಗಳ ವರದಿ ಬರೆಯತೊಡಗಿದೆ. ಬರೆದಾದ ಮೇಲೆ ರಿಜಿಸ್ಟರ್ ಮನೆ ಮನೆ ತಿರುಗಿ ಸಹಿ, ಹೆಬ್ಬೆಟ್ಟು ಹೊತ್ತು ಬರುತ್ತಿತ್ತು. ತಪ್ಪು ಎಂದು ಆಗ ಅನಿಸಲಿಲ್ಲ. ಅಕ್ಷರ ಚೆನ್ನಾಗಿದೆ ಎಂದರಲ್ಲ, ಅಷ್ಟಕ್ಕೇ ಉಬ್ಬಿಹೋಗಿದ್ದೆ.

ಒಂದು ದಿನ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದಾಗ ಮೌಶಿ ಮೆಂತ್ಯ ಸೊಪ್ಪು ಸೋಸುತ್ತ ಕೇಳಿದರು.

"ಅದರಾಗ ನಾ ಏನರ ಅಂದೀನೇನ?"

"ಹೌದ್ರಿ ಮೌಶಿ. ಅಧ್ಯಕ್ಷರು ನೀವ ಅಲ್ರಿ."

"ಓದು ಮತ್ತ. ಏನ ಅಂದೀನಿ ಕೇಳೂಣು."

ಓದಿ ಕನ್ನಡದಲ್ಲಿ ಹೇಳಿದೆ. ಗ್ರಾಮದ ಸ್ವಚ್ಛತೆಯ ಕಡೆ ಎಲ್ಲ ಭಗಿನಿಯರೂ ಗಮನ ಕೊಡಬೇಕೆಂದು ಮಾನ್ಯ ಸರಪಂಚರು ಕರೆ ನೀಡಿದರು. ಮೌಶಿ ಸೆರಗು ಬಾಯಿಗೆ ಹಿಡಿದು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ನೋಡವಾ, ಭಾಳ ಶಾಣ್ಯಾ ಮಾತು ಆಡೀನಿ!" ಎಂದರು. ಆಮೇಲೆ ಸೊಪ್ಪಿನ ಕಡ್ಡಿ ಮುರಿಯುತ್ತ, "ಅದಕ್ಕ ಮಂದಿ ಏನಂದ್ರು?" ಎಂದರು.

"ಎಲ್ಲಾರೂ ಒಪ್ಪಿದ್ರು ಅಂತ ಬರದೀನ್ರಿ."

"ಒಬ್ಬಾಕೀನೂ ಎದುರು ಮಾತಾಡಲಿಲ್ಲ? ಇಷ್ಟ ಮಂದಿ ಹೆಂಗಸರು ಕುಂತು?" ಮೌಶಿಯ ನಗು ನಿಂತಿತ್ತು. "ಹಂಗಾರ ಅದು ಸಭಾ ಅಲ್ಲ ಬಿಡು."

ಅಂದಿನಿಂದ ಅದೊಂದು ರೂಢಿಯಾಯಿತು. ವರದಿ ಬರೆಯುವ ದಿನ ಬಂದರೆ ಮೌಶಿ ಕೆಲಸ ಬಿಟ್ಟು ಎದುರಿಗೆ ಕೂರುತ್ತಿದ್ದರು. "ಈ ಸಲ ನಾ ಏನ ಅಂದೆ?" ಎಂಬುದು ಹೋಗಿ, ಬರಬರುತ್ತ "ಈ ಸಲ ನಾ ಹಿಂಗ ಅಂದೆ ಅಂತ ಬರಿ" ಎಂದಾಯಿತು. ಯಾರು ಎದುರಾಡಿದರು ಎಂಬುದನ್ನೂ ಅವರೇ ಹೇಳುತ್ತಿದ್ದರು. ಕಡೆಯ ಓಣಿಯ ಒಬ್ಬ ಮುದುಕಿಗೆ ಆ ರಿಜಿಸ್ಟರಿನಲ್ಲಿ ಮೌಶಿ ಕೊಟ್ಟಷ್ಟು ತಕರಾರಿನ ಮಾತನ್ನು ಪಾಪ ಆಕೆ ಜನ್ಮದಲ್ಲಿ ಆಡಿರಲಿಕ್ಕಿಲ್ಲ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಒಂದು ಸಲ ಮಾತ್ರ ನಗಲಿಲ್ಲ. ಮೌಶಿ ರಿಜಿಸ್ಟರನ್ನು ನನ್ನ ಕಡೆ ಸರಿಸಿ ಹೇಳಿದರು. "ಸಾಲಿ ಬಾಜೂಕ ಆ ಖಾಲಿ ಜಾಗಾ ಅದ ಅಲ್ಲ, ಅಲ್ಲಿ ಎಂಟನೇತ್ತಾ, ಒಂಬತ್ತನೇತ್ತಾ, ಹತ್ತನೇತ್ತಾ ಕ್ಲಾಸು ಚಾಲೂ ಆಗಬೇಕು ಅಂತ ಬರಿ. ನಾ ಅಂದೆ ಅಂತ ಬರಿ. ನಮ್ಮ ದೊಡ್ಡಾಕಿ ಏಳನೇತ್ತಾ ಪಾಸಾಗಿ ಮನ್ಯಾಗ ಕುಂತಳು. ಟಮ್‌ಟಮ್ ರಿಕ್ಷಾದಾಗ ಗಂಡಸರ ನಡುವ ಹುಡುಗೀನ ಮುಂದಿನ ಸಾಲಿಗೆ ಹಡಪಸರಕ್ಕ ಯಾರು ಕಳಸತಾರ? ಮದುವಿ ಮಾಡಿಕೊಟ್ಟು ಕೈ ತೊಳಕೊಂಡ್ವಿ..."

ಬರೆದೆ. ಶಾಲೆಯ ಪಕ್ಕದ ಜಾಗವನ್ನು ಪ್ರೌಢಶಾಲೆಗೆಂದೇ ಕಾಯ್ದಿರಿಸಬೇಕೆಂದು ಮಹಿಳೆಯರ ಸಭೆ ಠರಾವು ಮಾಡಿತು. ಎಂದಿನಂತೆ ರಿಜಿಸ್ಟರ್ ಊರೆಲ್ಲ ಸುತ್ತಿ ಸಹಿ ಹೊತ್ತು ಬಂತು. ಗ್ರಾಮಸೇವಕರು ಓದದೆ ಸೀಲು ಒತ್ತಿದರು, ಯಜಮಾನರು ಓದದೆ ಹೆಂಡತಿಯ ಸಹಿ ಹಾಕಿಸಿದರು. ಗ್ರಾಮಸಭೆಯಲ್ಲೂ ಅದು ಉಳಿದ ಠರಾವುಗಳ ಜೊತೆ ಒಂದೇ ಉಸಿರಿನಲ್ಲಿ ಮಂಜೂರಾಯಿತು.

ಅದಾಗಿ ಕೆಲವು ತಿಂಗಳಿಗೆ ಊರ ಹಿಂದೆ ಎತ್ತರದ ಕಟ್ಟಡಗಳು ಏಳತೊಡಗಿದವು. ಅವುಗಳಿಗೆ ಹೆದ್ದಾರಿಯಿಂದ ನೇರ ರಸ್ತೆ ಬೇಕಿತ್ತು, ಅದಕ್ಕೆ ಶಾಲೆಯ ಪಕ್ಕದ ಜಾಗವೇ ಬೇಕಿತ್ತು. ಯಜಮಾನರು ಕಟ್ಟಡದವರಿಗೆ ಮಾತು ಕೊಟ್ಟುಬಿಟ್ಟಿದ್ದರು. ಹಳೆಯ ಕಾಗದ ತೆಗೆದ ಗ್ರಾಮಸೇವಕರು ಒಂದು ಮುಂಜಾನೆ ರಿಜಿಸ್ಟರ್ ಎದೆಗವಚಿಕೊಂಡು ಓಡಿಬಂದರು. ಯಜಮಾನರು ನನ್ನನ್ನು ಕರೆಸಿದರು. ಹಾಳೆ ತೋರಿಸಿ, "ಇದನ್ನು ಯಾರು ಬರೆದದ್ದು?" ಎಂದರು. ಅಕ್ಷರವೇ ಸಾಕ್ಷಿ ಹೇಳುತ್ತಿತ್ತು.

ಮೌಶಿ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಹೊರಗೆ ಬಂದರು. "ಅವಳಿಗೆ ಏನೂ ಅನ್ನಬೇಡಿ. ಅದು ನಾನು ಸಭೆಯಲ್ಲಿ ಆಡಿದ ಮಾತು," ಎಂದರು ಮರಾಠಿಯಲ್ಲಿ.

"ಯಾವ ಸಭೆ? ಸಭೆ ಎಲ್ಲಿ ಆಯಿತು?" ಎಂದು ಯಜಮಾನರು ಗುಡುಗಿದರು.

ಗ್ರಾಮಸೇವಕರು ನಡುವೆ ಬಂದರು. ಸಭೆ ಆಗಿಲ್ಲ ಎಂದು ಹೊರಗೆ ಬಿದ್ದರೆ ಮೊದಲು ಹೋಗುವುದು ಅವರ ನೌಕರಿ. "ಆಗಿದೆ ಸಾಹೇಬರೇ, ಆಗಿದೆ... ಸಹಿ ಇವೆಯಲ್ಲ," ಎಂದು ತೊದಲಿದರು. ಯಜಮಾನರು ಅವರನ್ನು ದುರುಗುಟ್ಟಿ ನೋಡಿ, ನನ್ನ ಕಡೆ ತಿರುಗಿ, ಇದನ್ನು ರದ್ದು ಮಾಡಿ ಇನ್ನೊಂದು ಬರೆ ಎಂದರು. ನಿಜ ಹೇಳಬೇಕೆಂದರೆ ನಾನು ಪೆನ್ನಿಗೆ ಕೈ ಹಾಕಿದ್ದೆ. ಇರುವ ಕೋಣೆ ಅವರದು, ಹೊಟ್ಟೆಯಲ್ಲಿ ಐದು ತಿಂಗಳು. ಮೌಶಿ ಬಂದು ರಿಜಿಸ್ಟರ್ ಮುಚ್ಚಿದರು.

"ರದ್ದು ಮಾಡಬೇಕಾದರೆ ಸಭೆ ಕರೆಯಬೇಕು. ಈ ಸಲ ಕರೆದೇ ಮಾಡೋಣ," ಎಂದರು.

ಯಜಮಾನರು ನಕ್ಕರು. ಹೆಂಗಸರು ಬರುವುದಿಲ್ಲ, ಬಂದರೂ ಮನೆಯ ಗಂಡಸರು ಹೇಳಿದ ಕಡೆಗೇ ಕೈ ಎತ್ತುತ್ತಾರೆ ಎಂದು ಅವರ ಲೆಕ್ಕ. ಒಪ್ಪಿಬಿಟ್ಟರು. ಮೌಶಿ ಮೂರು ದಿನ ಬಿಸಿಲಲ್ಲಿ ಮನೆ ಮನೆ ತಿರುಗಿದರು. ಸರಪಂಚರಾದ ಮೇಲೆ ಊರ ಕೆಲಸಕ್ಕೆಂದು ಅವರು ಒಬ್ಬರೇ ಹೊಸ್ತಿಲು ದಾಟಿದ್ದು ಅದೇ ಮೊದಲು. ಅವರ ಹಿಂದೆಯೇ ಯಜಮಾನರ ಮಂದಿಯೂ ಅದೇ ಮನೆಗಳಿಗೆ ಹೋಗಿ ಗಂಡಸರಿಗೆ ಹೇಳಬೇಕಾದದ್ದು ಹೇಳಿ ಬಂದರು.

ಸಭೆ ಶಾಲೆಯ ಜಗಲಿಯ ಮೇಲೆ. ಮೊದಲು ಯಾರೂ ಬರಲಿಲ್ಲ. ಗಂಡಸರು ಗೋಡೆಯಾಚೆ ಮೋಟಾರ್ ಸೈಕಲ್‌ಗಳಿಗೆ ಒರಗಿ ನಿಂತಿದ್ದರು. ಆಮೇಲೆ ಇಬ್ಬರು ಬಂದರು, ಐವರು ಬಂದರು, ಜಗಲಿ ತುಂಬಿ ಮೆಟ್ಟಿಲ ಮೇಲೂ ಕೂತರು. ಮೌಶಿ ಕುರ್ಚಿಯಲ್ಲಿ ಕೂರದೆ ಅದರ ಬೆನ್ನು ಹಿಡಿದು ನಿಂತಿದ್ದರು. ನನ್ನ ಕಡೆ ಬಗ್ಗಿ ಕನ್ನಡದಲ್ಲಿ, "ಏನ ಬರದಿದ್ವಿ, ಒಂದೂ ನೆನಪಾಗವಲ್ದು ಯವ್ವಾ," ಎಂದರು. ನಾನು ಅವಸರದಲ್ಲಿ ಹಾಳೆ ತೆಗೆದೆ. ಅದನ್ನು ನೋಡಿ, ಬೇಡ ಎಂದು ಕೈಯಲ್ಲೇ ಸರಿಸಿದರು.

ಊರವರು ಇಷ್ಟು ವರ್ಷ ಆಡಿಕೊಂಡು ನಗುತ್ತಿದ್ದ ಅಕ್ಕಲಕೋಟದ ಮರಾಠಿಯಲ್ಲಿ ಮೌಶಿ ಕೇಳಿದ್ದು ಒಂದೇ ಪ್ರಶ್ನೆ. "ನನ್ನ ಮಗಳು ಏಳನೇ ತರಗತಿಗೆ ಶಾಲೆ ಬಿಟ್ಟಳು. ನಿಮ್ಮವರು ಎಷ್ಟಕ್ಕೆ ಬಿಟ್ಟರು, ಹೇಳಿ."

ಯಾರೋ ಮೆಲ್ಲಗೆ, "ಏಳು," ಎಂದರು. ಮೆಟ್ಟಿಲ ಮೇಲಿಂದ ಇನ್ನೊಬ್ಬರು, "ನಮ್ಮವಳೂ ಏಳು." ಕಂಬದ ಹಿಂದಿನಿಂದ ಚಿಕ್ಕ ವಯಸ್ಸಿನ ಸೊಸೆಯೊಬ್ಬಳು, "ನಾನೇ ಏಳು." ನಾನು ಬರೆಯುತ್ತ ಹೋದೆ. ಏಳು, ಏಳು, ಏಳು... ಕಡೆಯ ಓಣಿಯ ಮುದುಕಿ ಎದ್ದು, ರಸ್ತೆಯಾದರೆ ತನ್ನ ಮಗನಿಗೆ ಆ ಕಟ್ಟಡಗಳಲ್ಲಿ ಕೆಲಸ ಸಿಗುತ್ತದೆ, ರಸ್ತೆಯೇ ಆಗಲಿ ಎಂದು ಜೋರಾಗಿ ವಾದಿಸಿದಳು. ಮೌಶಿ ಪೂರ್ತಿ ಕೇಳಿ, "ಆಕೆ ಅಂದದ್ದನ್ನೂ ಬರೆದುಕೋ," ಎಂದರು ನನಗೆ. ಆಮೇಲೆ ಕೈ ಎತ್ತಿಸಿದರು. ರಸ್ತೆಗೆ ಎದ್ದ ಕೈಗಳನ್ನು ಎಣಿಸಲು ನನಗೆ ಹೊತ್ತು ಹಿಡಿಯಲಿಲ್ಲ. ಜಾಗ ಶಾಲೆಗೇ ಉಳಿಯಿತು. ಅಂದಿನ ವರದಿಯಲ್ಲಿ ನನ್ನ ಅಕ್ಷರ ಸೊಟ್ಟಪಟ್ಟ, ಆದರೆ ಅದರಲ್ಲಿ ಒಂದು ಸಾಲೂ ಸುಳ್ಳಿರಲಿಲ್ಲ.

ಯಜಮಾನರು ಬೈಯಲಿಲ್ಲ, ಹೊಡೆಯಲಿಲ್ಲ. ಮೌಶಿಯ ಜೊತೆ ಮಾತು ಬಿಟ್ಟರು. ಬಡಿಸಿದ ತಾಟು ಹಾಗೇ ಬಿಟ್ಟು ತಮ್ಮನ ಮನೆಗೆ ಉಣ್ಣಲು ಹೋಗುತ್ತಿದ್ದರು. ನಮಗೆ ಒಂದು ವಾರದಲ್ಲಿ ಕೋಣೆ ಖಾಲಿ ಮಾಡಲು ಹೇಳಿದರು. ಸಾಮಾನು ಟೆಂಪೊಗೆ ಏರಿಸುವಾಗ ಮೌಶಿ ನನ್ನ ಬೆನ್ನ ಮೇಲೆ ಕೈಯಾಡಿಸಿ, "ಬರತಿರು ಯವ್ವಾ. ನನ್ನ ಕೂಡ ಮಾತಾಡವರು ಯಾರದಾರ ಇನ್ನ," ಎಂದರು. "ಬರತೀನ್ರಿ ಮೌಶಿ," ಎಂದೆ.

ಹೋಗಲಿಲ್ಲ. ಮೊದಲು ಯಜಮಾನರ ಭಯ, ಆಮೇಲೆ ಕೂಸು, ಆಮೇಲೆ ಇಷ್ಟು ದಿನ ಹೋಗಲಿಲ್ಲವಲ್ಲ ಎಂಬ ನಾಚಿಕೆ. ಕೆಲವು ವರ್ಷ ಪುಣೆಯ ಇನ್ನೊಂದು ಬದಿಯ ಖಡಕಿಯಲ್ಲಿದ್ದು ಮತ್ತೆ ಹಡಪಸರದ ಕಡೆಗೇ ಬಂದೆವು. ಎಂಟನೇ ತರಗತಿ ಶುರುವಾಯಿತೆಂದು ಯಾರಿಂದಲೋ ಕೇಳಿ ಸಂತೋಷಪಟ್ಟೆ. ಆ ಊರು ನಗರಕ್ಕೆ ಸೇರಿ ಪಂಚಾಯಿತಿಯೇ ಇಲ್ಲವಾಯಿತೆಂದೂ ಕೇಳಿದೆ. ನಾಳೆ, ನಾಡಿದ್ದು ಎನ್ನುತ್ತ ವರ್ಷಗಳು ಹೋದವು.

ವಾಚ್‌ಮನ್ ಬಂದುಹೋದ ಮಾರನೇ ದಿನ ಬಸ್ಸು ಹತ್ತಿದೆ. ನಿಲ್ದಾಣದಲ್ಲಿ ಇಳಿದಾಗ ಕಂಡದ್ದು ಚೌಕದಲ್ಲಿ ಕಟ್ಟಿದ ದೊಡ್ಡ ಫ್ಲೆಕ್ಸ್. ಅದರಲ್ಲಿ ಮೌಶಿ, ನೆರೆತ ಕೂದಲು, ಹಣೆಯ ತುಂಬ ಕುಂಕುಮ. ಕೆಳಗೆ "ಮಾಜಿ ಸರಪಂಚರ ಧರ್ಮಪತ್ನಿ" ಎಂದು ಬರೆದು, ಎರಡು ದಿನ ಬಿಟ್ಟು ನದಿ ದಂಡೆಯಲ್ಲಿ ಹತ್ತನೇ ದಿನದ ಕರ್ಮ ಎಂದಿತ್ತು. ನಾನು ಅಲ್ಲೇ ಬಸ್ಸಿಗೆ ಕಾಯುವವರ ಕಟ್ಟೆಯ ಮೇಲೆ ಕೂತು ಅತ್ತೆ.

ಹತ್ತನೇ ದಿನ ಮತ್ತೆ ಹೋದೆ. ಕಾಗೆ ಪಿಂಡ ಮುಟ್ಟಿದ ಮೇಲೆ, ಈ ಕಡೆಯ ಪದ್ಧತಿಯಂತೆ, ಪೆಂಡಾಲಿನಲ್ಲಿ ಶ್ರದ್ಧಾಂಜಲಿಯ ಭಾಷಣಗಳು ಶುರುವಾದವು. ಮೈಕು ಗಂಡಸರ ಕಡೆಯೇ ಸುತ್ತುತ್ತಿತ್ತು. ಸರಪಂಚ ಸಾಹೇಬರ ಬೆನ್ನ ಹಿಂದೆ ನಿಂತ ಗೃಹಲಕ್ಷ್ಮಿ ಎಂದ ಒಬ್ಬ. ಯಾರನ್ನೂ ಚಹಾ ಕುಡಿಸದೆ ಕಳಿಸಿದವರಲ್ಲ ಎಂದ ಇನ್ನೊಬ್ಬ. ಮೂರನೆಯವನು, ಸಾಹೇಬರು ತಮ್ಮ ಕಾಲದಲ್ಲಿ ಊರಿಗೆ ಪ್ರೌಢಶಾಲೆ ತಂದರು, ಅದಕ್ಕೆ ಈ ತಾಯಿಯ ಪುಣ್ಯವೂ ಕಾರಣ ಎಂದ. ಯಜಮಾನರು ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕೂತಿದ್ದರು. ನೆಲ ನೋಡುತ್ತಿದ್ದರು. ಇಲ್ಲ ಎನ್ನಲಿಲ್ಲ.

ಹೆಂಗಸರ ಕಡೆಯಿಂದ ನಾನು ಎದ್ದು ನಿಂತೆ. "ಸರಪಂಚರು ಅವರೇ. ಶಾಲೆ ತಂದದ್ದೂ ಅವರೇ," ಎಂದೆ. ಮುಂದಿನವರಿಗೆ ಕೇಳಿಸಲಿಲ್ಲ. ಮೈಕು ಹಿಡಿದವನು ಕೈ ಆಡಿಸಿ, ಕೂರಿ ತಾಯಿ, ಕೂರಿ ಎಂದ. ಕೂರಲಿಲ್ಲ. ಇನ್ನೊಮ್ಮೆ ಹೇಳಿದೆ, ಈ ಸಲ ಜೋರಾಗಿ. ಯಜಮಾನರು ತಲೆ ಎತ್ತಿ ನೋಡಿದರು. ಗುರುತು ಹಿಡಿದರೋ ಇಲ್ಲವೋ... ಮತ್ತೆ ತಲೆ ತಗ್ಗಿಸಿದರು. ನನ್ನ ಪಕ್ಕದಲ್ಲಿದ್ದ ಮಧ್ಯವಯಸ್ಸಿನ ಹೆಂಗಸೊಬ್ಬಳು ನನ್ನ ಮೊಣಕೈ ಹಿಡಿದು ತಾನೂ ಎದ್ದು ನಿಂತಳು. ಅವಳು ಯಾರೆಂದು ನನಗೆ ಗೊತ್ತಾಗಲಿಲ್ಲ.

ಅಷ್ಟು ಹೇಳಿದ್ದಕ್ಕೆ ಈಗ ಕೆಲವರು ನನ್ನನ್ನು ಗಟ್ಟಿಗಿತ್ತಿ ಎನ್ನುತ್ತಾರೆ. ಕೇಳಿದರೆ ಮೈ ಉರಿಯುತ್ತದೆ. ಹಡಪಸರದಿಂದ ಆ ಊರಿಗೆ ನಲವತ್ತು ನಿಮಿಷದ ದಾರಿ. ಮನೆಯಲ್ಲಿ ಮಾತಿಗೆ ಒಬ್ಬರಿಲ್ಲದೆ ಮೌಶಿ ಅಲ್ಲಿ ಹದಿನೆಂಟು ವರ್ಷ ಕೂತಿದ್ದರು. ಅವರ ಎದುರು ಹೋಗಿ ಕೂತು, ಸರಪಂಚರು ನೀವೇ ಎಂದು ಒಂದು ಸಲ ಕನ್ನಡದಲ್ಲಿ ಹೇಳಿದ್ದರೆ ಸಾಕಾಗಿತ್ತು.